ಸೊನೋಮಾದಲ್ಲಿ ಸಿವಿಕ್ ಎಸ್‌ಐ: 60 ಅಡಿಯಲ್ಲೇ ಸೋಲುತ್ತಿದ್ದೇನೆ, ಲಾಂಚ್ (ನಿಂತಲ್ಲಿಂದ ಹೊರಡುವುದು) ಹೇಗೆ ಮಾಡುತ್ತೀರಿ?

ಫ್ರೀಮಾಂಟ್_ಮಂಡ್ಯ:

ನಮಸ್ಕಾರ. ಗಾಡಿ 2018ರ ಹೋಂಡಾ ಸಿವಿಕ್ ಎಸ್‌ಐ, 6 ಗೇರಿನ ಮ್ಯಾನುಯಲ್. ಟ್ಯೂನ್ ಗೀನ್ ಏನೂ ಇಲ್ಲ, ಕಂಪನಿಯಿಂದ ಬಂದ ಹಾಗೇ ಇದೆ. ಟೈರೂ ಆಲ್ ಸೀಸನ್. ಕ್ಯಾಲಿಫೋರ್ನಿಯಾದ ಸೊನೋಮಾ ಟ್ರ್ಯಾಕಿನ ಬುಧವಾರ ರಾತ್ರಿಯ ಡ್ರ್ಯಾಗ್‌ಗೆ (ಕಾಲು ಮೈಲಿಯ ನೇರ ಓಟ) ಹೋಗುತ್ತಿರುತ್ತೇನೆ. ಇತ್ತೀಚಿನ ಸ್ಲಿಪ್ (ಸಮಯದ ಚೀಟಿ) ಹೀಗಿದೆ, ಸೆಕೆಂಡ್‌ಗಳಲ್ಲಿ:

ಆರ್‌ಟಿ (ಹಸಿರು ದೀಪಕ್ಕೆ ನಾನು ಹೊರಡಲು ತೆಗೆದುಕೊಂಡ ಸಮಯ) 0.61
ಮೊದಲ 60 ಅಡಿ 2.52
ಇಟಿ, ಅಂದರೆ ಕಾಲು ಮೈಲಿಯ ಒಟ್ಟು ಸಮಯ 15.43, ಗೆರೆ ದಾಟುವಾಗ 94 ಮೈಲಿ ವೇಗ

4000 ಆರ್‌ಪಿಎಂನಲ್ಲಿ ಕ್ಲಚ್ ಬಿಟ್ಟರೆ ಟೈರು ಕಿರುಚಿ ಅಲ್ಲೇ ಸುತ್ತುತ್ತದೆ. 2000ದಲ್ಲಿ ಬಿಟ್ಟರೆ ಗಾಡಿ ಕೆಮ್ಮಿ ಮಲಗುತ್ತದೆ. ಪಕ್ಕದ ಲೇನಿನ ಆಟೋಮ್ಯಾಟಿಕ್ ಕ್ಯಾಮ್ರಿ ವಿ6 ಆರಾಮವಾಗಿ ಮುಂದೆ ಹೋಗುತ್ತದೆ. ಸರಿಯಾದ ಆರ್‌ಪಿಎಂ ಯಾವುದು? ಆರ್‌ಟಿ ಸುಧಾರಿಸಿದರೆ ಇಟಿ ಇಳಿಯುತ್ತದಾ?

ಹಳೇ_ಇಂಟೆಗ್ರಾ:

ಮೊದಲು ಕೊನೆಯ ಪ್ರಶ್ನೆ. ಇಲ್ಲ, ಇಳಿಯುವುದಿಲ್ಲ. ಹಸಿರು ದೀಪ ಬಿದ್ದಾಗ ಇಟಿ ಗಡಿಯಾರ ಶುರುವಾಗುವುದಿಲ್ಲ. ನಿಮ್ಮ ಮುಂದಿನ ಟೈರು ಸ್ಟೇಜ್ ಕಿರಣದಿಂದ (ಸ್ಟಾರ್ಟ್ ಗೆರೆಗೆ ಅಡ್ಡ ಇರುವ ಬೆಳಕಿನ ಕಿರಣ) ಹೊರಗೆ ಬಂದಾಗ ಶುರುವಾಗುತ್ತದೆ. ಹಸಿರು ಬಿದ್ದ ಮೇಲೆ ಕಾಫಿ ಕುಡಿದು ಹೊರಟರೂ ಇಟಿ ಅಷ್ಟೇ. ಆರ್‌ಟಿ ಬೇಕಾಗುವುದು ಪಕ್ಕದವರನ್ನು ಸೋಲಿಸಲು. ಲಾಂಚ್ ಕಲಿಯುವಾಗ ಅದನ್ನು ಮರೆತುಬಿಡಿ. ಹಸಿರು ನೋಡಿ, ಉಸಿರು ಬಿಟ್ಟು, ನಿಧಾನವಾಗಿ ಹೊರಡಿ.

94 ಮೈಲಿ ವೇಗ ನೋಡಿದರೆ ಎಂಜಿನ್ ಚೆನ್ನಾಗಿದೆ. ಗೆರೆ ದಾಟುವ ವೇಗ ಗಾಡಿಯ ಶಕ್ತಿ ಹೇಳುತ್ತದೆ, 60 ಅಡಿ ಚಾಲಕನ ಕೆಲಸ ಹೇಳುತ್ತದೆ. 2.5 ಅಂದರೆ ಜಾಸ್ತಿ ಆಯಿತು. ರಸ್ತೆ ಟೈರಿನಲ್ಲೇ ಇದು 2.2ರ ಆಸುಪಾಸು ಬರಬೇಕು. 60 ಅಡಿಯಲ್ಲಿ ಹತ್ತನೇ ಒಂದು ಸೆಕೆಂಡ್ ಉಳಿಸಿದರೆ ಕೊನೆಯಲ್ಲಿ ಸುಮಾರು ಒಂದೂವರೆ ಪಟ್ಟು ಸಿಗುತ್ತದೆ. ಲೆಕ್ಕ ಹಾಕಿ, ನಿಮ್ಮ 15.4 ಹದಿನೈದರ ಒಳಗೆ ಬರುತ್ತದೆ. ಒಂದು ರೂಪಾಯಿ ಖರ್ಚಿಲ್ಲ.

ಸರಿಯಾದ ಆರ್‌ಪಿಎಂ ಅಂತ ಒಂದು ಸಂಖ್ಯೆ ಹುಡುಕುವುದೇ ತಪ್ಪು ದಾರಿ. ನನ್ನ 1995ರ ಇಂಟೆಗ್ರಾ ಜಿಎಸ್‌ಆರ್‌ಗೆ ಟರ್ಬೋ ಇಲ್ಲ, ಕೆಳಗೆ ಉಸಿರೇ ಇಲ್ಲ, ಅದಕ್ಕೆ ಮೇಲೆ ಹಿಡಿಯಲೇಬೇಕು. ನಿಮ್ಮದರಲ್ಲಿ 2100ರಿಂದಲೇ ಪೂರ್ತಿ ಟಾರ್ಕ್. ಮೇಲಾಗಿ ಮುಂದೆ ಎಲ್‌ಎಸ್‌ಡಿ (ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್) ಇದೆ, ನನ್ನದರಲ್ಲಿ ಅದೂ ಇಲ್ಲ (ಹೊಟ್ಟೆಕಿಚ್ಚು, ಬಿಡಿ). 2800–3000ದಲ್ಲಿ ಶುರು ಮಾಡಿ. ಆದರೆ 4000ದಲ್ಲೂ 2000ದಲ್ಲೂ ನಿಮಗೆ ಕೈಕೊಟ್ಟದ್ದು ಎಡಗಾಲು.

ನೀವು ಕ್ಲಚ್ ‘ಬಿಡುತ್ತಿದ್ದೀರಿ’. ಬಿಡಬಾರದು. ಬಾವಿಗೆ ಕೊಡ ಇಳಿಸುವಾಗ ಹಗ್ಗವನ್ನು ಕೈಯೊಳಗೆ ಜಾರಿಸುತ್ತೇವಲ್ಲ, ಹಾಗೆ ಜಾರಿಸಬೇಕು. ಸ್ಟೇಜ್ ಆದ ಮೇಲೆ, ಅಂದರೆ ಗೆರೆಯಲ್ಲಿ ನಿಂತ ಮೇಲೆ, ಪೆಡಲನ್ನು ನೆಲಕ್ಕೆ ಒತ್ತಿ ಹಿಡಿಯಬೇಡಿ. ಕಚ್ಚುವ ಜಾಗಕ್ಕೆ, ಅಂದರೆ ಕ್ಲಚ್ ಹಿಡಿಯಲು ಶುರುವಾಗುವಲ್ಲಿಗೆ, ಕೂದಲೆಳೆ ಕೆಳಗೆ ಇಡಿ. ಹಿಮ್ಮಡಿ ನೆಲದ ಮೇಲಿರಲಿ. ಅದಕ್ಕಾಗಿ ಸೀಟು ಒಂದು ಹಲ್ಲು ಮುಂದೆ ಬೇಕಾದರೆ ಎಳೆದುಕೊಳ್ಳಿ. ಹೊರಡುವಾಗ ಕಚ್ಚುವ ಜಾಗದವರೆಗೆ ಸರಕ್ಕನೆ ಬನ್ನಿ, ಅಲ್ಲಿ ನಿಲ್ಲಿ. ಗಾಡಿ ಅರ್ಧ ಉದ್ದ ಉರುಳುವವರೆಗೆ ಕ್ಲಚ್ ಅರ್ಧ ಜಾರುತ್ತಲೇ ಇರಲಿ, ಆಮೇಲೆ ಪೂರ್ತಿ ಮೇಲೆ. ಇದೇ ಹೊತ್ತಿನಲ್ಲಿ ಬಲಗಾಲು ಕೆಳಗೆ ಹೋಗುತ್ತಿರಬೇಕು. ಹೆಚ್ಚಿನವರು ಕ್ಲಚ್ ಕಚ್ಚಿದ ತಕ್ಷಣ ಗಾಬರಿಯಿಂದ ಬಲಗಾಲು ಎತ್ತುತ್ತಾರೆ. ಗಾಡಿ ಮಲಗುವುದು ಅದಕ್ಕೇ.

ಆರ್‌ಪಿಎಂ ಮುಳ್ಳು ನೋಡಬೇಡಿ, ಕಿವಿ ಕೊಡಿ. ಟೈರು ಗುರ್ ಅಂದರೆ ಒಳ್ಳೆಯದು, ಸ್ವಲ್ಪ ಜಾರುತ್ತಾ ಹಿಡಿಯುತ್ತಿದೆ ಅಂತ ಅರ್ಥ. ಕಿರುಚಿದರೆ ಆಕ್ಸಿಲರೇಟರ್ ಒಂದು ಚೂರು ಎತ್ತಿ. ಮುಂದಿನ ಚಕ್ರ ದಡದಡ ಕುಣಿದರೆ, ಅಂದರೆ ವೀಲ್ ಹಾಪ್ ಆದರೆ, ತಕ್ಷಣ ಪೂರ್ತಿ ಎತ್ತಿ. ಆ ರನ್ ಹೋದರೆ ಹೋಗಲಿ. ಆಕ್ಸಲ್ ಮುರಿಯುವುದು, ಎಂಜಿನ್ ಮೌಂಟ್ ಹರಿಯುವುದು ಅಲ್ಲೇ.

ಉಳಿದ ಸಣ್ಣಪುಟ್ಟವು. ವಿಎಸ್‌ಎ (ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ) ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಬರ್ನೌಟ್ ಜಾಗದ (ಟೈರು ಸುತ್ತಿಸಿ ಬಿಸಿ ಮಾಡುವ ಕಡೆಯ) ನೀರಿನ ಮೇಲೆ ಹೋಗಬೇಡಿ, ಸುತ್ತಿ ಬನ್ನಿ. ರಸ್ತೆ ಟೈರಿನ ಗೀರುಗಳು ನೀರನ್ನು ಹೊತ್ತುಕೊಂಡು ಬಂದು ಸ್ಟಾರ್ಟ್ ಗೆರೆಯ ಮೇಲೆ ಸುರಿಯುತ್ತವೆ, ಹಿಂದೆ ಬರುವವರೂ ಬೈಯುತ್ತಾರೆ. ಒಣಜಾಗದಲ್ಲಿ ಒಂದು ಕ್ಷಣ ಚಕ್ರ ತಿರುಗಿಸಿ, ಕಲ್ಲು ಧೂಳು ಹೋದರೆ ಸಾಕು. ಹೊರಡುವಾಗ ಭಾರವೆಲ್ಲ ಹಿಂದಕ್ಕೆ ಹೋಗಿ ಮುಂದಿನ ಟೈರು ಹಗುರಾಗುತ್ತದೆ, ಫ್ರಂಟ್ ವೀಲ್ ಗಾಡಿಯ ಹಣೆಬರಹ ಅದು. ಹಾಗಾಗಿ ಮುಂದಿನ ಗಾಳಿ ಬಾಗಿಲ ಸ್ಟಿಕರ್‌ಗಿಂತ 4–5 ಪಿಎಸ್‌ಐ ಕಡಿಮೆ ಇರಲಿ. ಮನೆಗೆ ಹೊರಡುವ ಮುಂಚೆ ಮತ್ತೆ ತುಂಬಿಸಿ.

ಸ್ಟೇಜ್ ಮಾಡುವಾಗ ಎರಡನೇ ದೀಪ ಹೊತ್ತಿದ ಕ್ಷಣವೇ ನಿಲ್ಲಿ. ಇನ್ನೊಂದು ಇಂಚು ಮುಂದೆ ಹೋದರೆ ಸುಮ್ನೆ ನಷ್ಟ. ಟೈರು ಕಿರಣ ಬಿಡುವವರೆಗಿನ ಆ ಕೆಲವು ಇಂಚು ಗಡಿಯಾರಕ್ಕೆ ಸಿಗದ ಓಟ.

ಡಬ್ಲ್ಯೂಆರ್‌ಎಕ್ಸ್_ಧಾರವಾಡ:

ಎಲ್ಲ ಒಪ್ಪುತ್ತೇನೆ, ಆದರೆ ಇದನ್ನು ಓದಿ ನನ್ನಂಥ ಆಲ್ ವೀಲ್ ಗಾಡಿಯವರು ಹೀಗೇ ಮಾಡಬೇಡಿ. ನಾಲ್ಕೂ ಚಕ್ರ ಹಿಡಿದುಕೊಂಡಾಗ ಟೈರು ಜಾರುವುದಿಲ್ಲ. ಜಾರಬೇಕಾದದ್ದೆಲ್ಲ ಕ್ಲಚ್ಚೇ. ಆರ್‌ಪಿಎಂ ಇನ್ನೂ ಮೇಲೆ ಬೇಕು, ಕ್ಲಚ್ ಪ್ಲೇಟ್ ಬೇಗ ಸಾಯುತ್ತದೆ. ವಾಸನೆ ಬಂದರೆ ಬಾನೆಟ್ ಎತ್ತಿ ಅರ್ಧ ಗಂಟೆ ಸುಮ್ನೆ ಕೂತುಬಿಡಿ. ಸಿವಿಕ್‌ಗೂ ಇದು ಅನ್ವಯ, ಒಂದರ ಹಿಂದೆ ಒಂದು ರನ್ ಹೊಡೆಯಬೇಡಿ.

ರಾಜಾಜಿನಗರ_ಟಿಎಸ್‌ಐ:

ನನ್ನದು ಪೋಲೋ 1.0 ಟಿಎಸ್‌ಐ ಮ್ಯಾನುಯಲ್. ಲೋಣಾವಳದ ಹತ್ತಿರ ಆಂಬಿ ವ್ಯಾಲಿ ಏರ್‌ಸ್ಟ್ರಿಪ್‌ನಲ್ಲಿ ವ್ಯಾಲಿ ರನ್ ಅನ್ನುವ ಡ್ರ್ಯಾಗ್ ಕೂಟಕ್ಕೆ ಹೋಗಿದ್ದೆ. ಅದು ರನ್‌ವೇ, ಡ್ರ್ಯಾಗ್‌ಗೆಂದೇ ಕಟ್ಟಿದ್ದಲ್ಲ. 3000 ಹಿಡಿದರೆ ಮೊದಲ ಗೇರ್ ಪೂರ್ತಿ ಟೈರು ಸುತ್ತುವುದರಲ್ಲೇ ಮುಗಿಯಿತು. 2300ಕ್ಕೆ ಇಳಿಸಿದ ಮೇಲೆ ಹಿಡಿಯಿತು. ಮುಂದಿನ ಸಲಕ್ಕೆ ಅಭ್ಯಾಸ ಬೇಕು. ಬೆಳಗಿನ ಜಾವ ನೈಸ್ ರಸ್ತೆಯಲ್ಲಿ ಮಾಡಬಹುದಾ?

ಹಳೇ_ಇಂಟೆಗ್ರಾ:

ಬೇಡ. ಅಲ್ಲಿ ಲಾರಿ ಇರುತ್ತದೆ, ಬೈಕಿನವರು ಇರುತ್ತಾರೆ. ಖಾಲಿ ಪಾರ್ಕಿಂಗ್‌ನಲ್ಲಿ ಆಕ್ಸಿಲರೇಟರ್ ಮುಟ್ಟದೆ ಬರೀ ಕ್ಲಚ್‌ನಿಂದ ಗಾಡಿ ಹೊರಡಿಸಿ. ಕಚ್ಚುವ ಜಾಗ ಕಾಲಿಗೆ ಬಾಯಿಪಾಠ ಆಗುತ್ತದೆ. ಅದಕ್ಕೆ ವೇಗವೇ ಬೇಕಿಲ್ಲ.

2300ರ ಬಗ್ಗೆ ನೀವು ಹೇಳಿದ್ದು ಸರಿ. ಇಲ್ಲಿ ಅಮೆರಿಕದ ಡ್ರ್ಯಾಗ್ ಸ್ಟ್ರಿಪ್‌ಗಳಲ್ಲಿ ಸ್ಟಾರ್ಟ್ ಜಾಗಕ್ಕೆ ಅಂಟು ಸಿಂಪಡಿಸಿರುತ್ತಾರೆ, ಚಪ್ಪಲಿ ಹಾಕಿ ನಡೆದರೆ ಚಪ್ಪಲಿ ಅಲ್ಲೇ ಉಳಿಯುತ್ತದೆ. ಹಿಡಿತ ಕಡಿಮೆ ಇದ್ದಷ್ಟು ಆರ್‌ಪಿಎಂ ಇಳಿಸಿ.

ಫ್ರೀಮಾಂಟ್_ಮಂಡ್ಯ:

ಈ ಬುಧವಾರ ಹೋಗಿ ಬಂದೆ. 2900, ಮುಂದೆ 29 ಪಿಎಸ್‌ಐ, ಹಸಿರು ನೋಡಿ ಆರಾಮವಾಗಿ. 60 ಅಡಿ 2.29! ಆದರೆ ಇಟಿ 15.21 ಅಷ್ಟೇ. ಎರಡರಿಂದ ಮೂರಕ್ಕೆ ಹಾಕುವಾಗ ಲಿವರ್ ಗೇಟಿಗೆ ತಗುಲಿ ಗೇರ್ ಬೀಳಲಿಲ್ಲ, ಇನ್ನೊಮ್ಮೆ ತಳ್ಳಬೇಕಾಯಿತು. ಹೊರಡುವ ಹುಮ್ಮಸ್ಸಿಗೆ ಕೈ ಬಿಗಿಯಾಗುತ್ತದೆ. ಇದಕ್ಕೇನು ಮಾಡಲಿ?

ಹಳೇ_ಇಂಟೆಗ್ರಾ:

ಭೇಷ್. ನಾಬ್ ಹಿಡಿಯಬೇಡಿ, ಅಂಗೈಯಿಂದ ತಳ್ಳಿ. ಎರಡರಿಂದ ಮುಂದಕ್ಕೆ ತಳ್ಳಿ ನ್ಯೂಟ್ರಲ್‌ಗೆ ಬಂದಾಗ ಲಿವರ್ ಸ್ಪ್ರಿಂಗ್‌ನಿಂದ ತಾನೇ ನಡುವೆ ಬಂದು ನಿಲ್ಲುತ್ತದೆ, ನೇರ ಮುಂದಕ್ಕೆ ತಳ್ಳಿದರೆ ಮೂರು. ಬಿಗಿ ಹಿಡಿದು ನಿಮ್ಮ ಕಡೆಗೆ ಎಳೆದರೆ ಒಂದರ ದಾರಿಗೆ ಹೋಗುತ್ತದೆ. ಆ ವೇಗದಲ್ಲಿ ಒಂದು ಬಿದ್ದರೆ ರೆವ್ ಲಿಮಿಟರ್ ಏನೂ ಕಾಪಾಡುವುದಿಲ್ಲ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ, ವಾಲ್ವ್ ಬಾಗುತ್ತದೆ. ಮುಂದಿನ ಬುಧವಾರ ಲಾಂಚ್ ಮುಟ್ಟಬೇಡಿ, 2900ರಲ್ಲೇ ಇರಲಿ. ಗೇರ್ ಒಂದನ್ನೇ ನೋಡಿ, ಸ್ಲಿಪ್ ಇಲ್ಲಿ ಹಾಕಿ.