ಸ್ವೆಟರ್ ಬದಿ ಜೋಡಿಸುವುದು ಒಳಗಿನಿಂದಲೋ, ಹೊರಗಿನಿಂದಲೋ?

ಖಾನಾಪುರ ಅಕ್ಕ: ಮಗನಿಗೆ ಸ್ವೆಟರ್ ಹೆಣೆದೆ. ಬೆನ್ನು, ಎದೆ, ತೋಳು ಎಲ್ಲ ಬೇರೆ ಬೇರೆ ತುಂಡು. ಒಳಗಿನಿಂದ ಹೊಲಿದರೆ ಕಂಕುಳಲ್ಲಿ ದಪ್ಪ ಆಗಿ ಚುಚ್ಚುತ್ತದಂತೆ. ಹೊರಗೂ ಗೆರೆ ಕಾಣುತ್ತಿದೆ. ಏನು ಮಾಡಲಿ?

ವಿಜಯಪುರ ಟೇಲರ್: ಒಳಗಿನಿಂದ ಬ್ಯಾಕ್ ಸ್ಟಿಚ್ (ಪ್ರತಿ ಸಲ ಸೂಜಿ ಸ್ವಲ್ಪ ಹಿಂದೆ ಬಂದು ಮುಂದೆ ಹೋಗುವ ಹೊಲಿಗೆ) ಹಾಕುವುದೇ ಸರಿ ಅಕ್ಕ. ಗಟ್ಟಿ ಇರುತ್ತದೆ. ಮಕ್ಕಳು ಎಳೆದಾಡುತ್ತಾರೆ.

ಟಿಳಕವಾಡಿ ಅಜ್ಜಿ: ತಮ್ಮಾ, ಬಟ್ಟೆಗೆ ಸರಿ, ಹೆಣಿಗೆಗೆ ಅಲ್ಲ. ಒಳಗಿನಿಂದ ಹೊಲಿದರೆ ಸಾಲಿಗೆ ಸಾಲು ಕೂಡಿತೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಮ್ಯಾಟ್ರೆಸ್ ಸ್ಟಿಚ್ ಹಾಕಮ್ಮ. ಎರಡೂ ತುಂಡಿನ ಸೀದಾ ಬದಿ ಮೇಲೆ ಬರುವ ಹಾಗೆ ಪಕ್ಕಪಕ್ಕ ಇಡು. ಅಂಚಿನ ಮೊದಲ ಕುಣಿಕೆಗೂ ಎರಡನೇ ಕುಣಿಕೆಗೂ ನಡುವೆ ಸ್ವಲ್ಪ ಅಗಲಿಸಿ ನೋಡು. ಏಣಿ ಮೆಟ್ಟಿಲಿನ ಹಾಗೆ ಅಡ್ಡ ಎಳೆಗಳು ಕಾಣುತ್ತವೆ. ಮೊಂಡು ಸೂಜಿಯಲ್ಲಿ ಈ ಬದಿಯ ಒಂದು ಮೆಟ್ಟಿಲು, ಆ ಬದಿಯ ಒಂದು ಮೆಟ್ಟಿಲು ಎತ್ತುತ್ತಾ ಹೋಗು. 7-8 ಸಾಲು ಆದ ಮೇಲೆ ನೂಲನ್ನು ಮೆಲ್ಲಗೆ ಎಳೆ. ಎರಡು ಅಂಚೂ ಒಳಗೆ ಮಡಚಿಕೊಂಡು ಹೊಲಿಗೆ ಮಾಯ! ಜೋರಾಗಿ ಎಳೆದರೆ ಮಾತ್ರ ಸುಕ್ಕುಗಟ್ಟುತ್ತದೆ.

ಗೋಕಾಕ ಹುಡುಗಿ: ದುಂಡು ಕಡ್ಡಿಯಲ್ಲಿ ಸುತ್ತ ಹೆಣೆದರೆ ಹೊಲಿಗೆಯೇ ಬೇಡ ಅಲ್ವಾ?

ಟಿಳಕವಾಡಿ ಅಜ್ಜಿ: ಟೋಪಿಗೆ, ಕಾಲುಚೀಲಕ್ಕೆ ಅದೇ ಚೆಂದ. ಭಾರದ ಸ್ವೆಟರ್ ಆದರೆ ಜೋತು ಬೀಳುತ್ತದೆ. ಬದಿಯ ಹೊಲಿಗೆ ಅದನ್ನು ಹಿಡಿದು ನಿಲ್ಲಿಸುತ್ತದೆ.

ಇಳಕಲ್ ಮಗಳು: ಅಜ್ಜಿ ಹೇಳಿದ್ದು ಓದಿ ನಮ್ಮ ಮಗ್ಗ ನೆನಪಾಯಿತು. ಸೀರೆಯ ಒಡಲಿನ ಹಾಸು (ಉದ್ದದ ಎಳೆಗಳು), ಸೆರಗಿನ ರೇಷ್ಮೆ ಹಾಸು ಬೇರೆ ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಅದು ಹೊಲಿಗೆ ಅಲ್ಲ, ಆದರೆ ಇದೇ ತಾಳ್ಮೆ ಬೇಕು.

ವಿಜಯಪುರ ಟೇಲರ್: ಬದಿಗೆ ಒಪ್ಪಿದೆ ಅಜ್ಜಿ. ಭುಜಕ್ಕೆ? ಭಾರವೆಲ್ಲ ಅಲ್ಲೇ ಬೀಳುತ್ತದೆ.

ಟಿಳಕವಾಡಿ ಅಜ್ಜಿ: ಭುಜದಲ್ಲಿ ನೀನು ಹೇಳಿದ ಬ್ಯಾಕ್ ಸ್ಟಿಚ್ ನಡೆಯುತ್ತದೆ ತಮ್ಮಾ, ನನ್ನ ತಕರಾರಿಲ್ಲ. ತೋಳು ಕೂಡಿಸುವಾಗ ಹುಷಾರು. ಅಲ್ಲಿ ತೋಳಿನ ಮೇಲಂಚಿನ ಕುಣಿಕೆಗೆ ಮೈಯ ಬದಿಯ ಸಾಲು ಸೇರಬೇಕು, ಲೆಕ್ಕ ಸಮ ಬರುವುದಿಲ್ಲ. ಸಾಮಾನ್ಯವಾಗಿ 3 ಕುಣಿಕೆಗೆ 4 ಸಾಲು.

ಖಾನಾಪುರ ಅಕ್ಕ: ಅಜ್ಜಿ, ಒಂದು ಬದಿ ಬಿಚ್ಚಿ ನೋಡಿದೆ. ಅಂಚಿನ ಮೆಟ್ಟಿಲು ಸಡಿಲ ಇವೆ. ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ಸುಮ್ನೆ ಜಾರಿಸಿದ್ದೆ.

ಟಿಳಕವಾಡಿ ಅಜ್ಜಿ: ಅದಕ್ಕೇ! ಜೋಡಿಸುವ ಅಂಚಿನಲ್ಲಿ ಮೊದಲ ಕುಣಿಕೆಯನ್ನೂ ಹೆಣೆಯಬೇಕಮ್ಮ. ಈಗ ಎರಡನೇ, ಮೂರನೇ ಕುಣಿಕೆಯ ನಡುವಿನ ಮೆಟ್ಟಿಲು ಹಿಡಿ. ಎರಡು ಬದಿ ಸೇರಿ 4 ಕುಣಿಕೆ ಜಾಸ್ತಿ ಒಳಗೆ ಹೋಗುತ್ತದೆ. ಇಂಚಿಗೆ 5 ಕುಣಿಕೆ ಇದ್ದರೆ ಸುತ್ತಳತೆ ಸುಮಾರು ಮುಕ್ಕಾಲು ಇಂಚು ಕಡಿಮೆ ಆಗುತ್ತದೆ.

ಖಾನಾಪುರ ಅಕ್ಕ: ದೊಗಳೆಯಾಗಿಯೇ ಹೆಣೆದಿದ್ದೆ, ನಡೆಯುತ್ತದೆ. ಇನ್ನೊಂದು ಬದಿಯನ್ನೂ ರಾತ್ರಿ ಬಿಚ್ಚುತ್ತೇನೆ.