ಮೈಸೂರಲ್ಲಿ ಪ್ಲೇ ಹೋಮ್‌ಗೆ ಯಾವ ಬಡಾವಣೆ? ನಡೆಸಿದವರು ಹೇಳಿ

ಕೇಳಿದ್ದು: ಮೈಸೂರಿಗೆ ಬಂದು ಎರಡು ತಿಂಗಳಾಯಿತು. ಪ್ಲೇ ಹೋಮ್ ಶುರು ಮಾಡಬೇಕು ಅಂತಿದ್ದೇನೆ. ಸರಸ್ವತಿಪುರಂನಲ್ಲಿ ಒಂದು ಹಳೇ ಮನೆ ಬಾಡಿಗೆಗೆ ಸಿಕ್ಕಿದೆ, ಮುಂದೆ ಅಂಗಳವೂ ಇದೆ. ಊರು ಬೆಳೆಯುತ್ತಿದೆ, ಮಕ್ಕಳು ಸಿಗುತ್ತಾರೆ ಅಂತಾರೆ. ಮಂಡ್ಯದಲ್ಲೂ ಒಂದು ಜಾಗ ನೋಡಿದ್ದೇವೆ. ಅಡ್ವಾನ್ಸ್ ಕೊಡುವ ಮೊದಲು ನಿಮ್ಮ ಅನುಭವ ಹೇಳ್ತೀರಾ?

ಕುವೆಂಪುನಗರದಿಂದ: ಒಂದು ವಾರ ತಡೆಯಿರಿ ಮೇಡಂ. ನಾನು ಇಲ್ಲಿ ಒಂಬತ್ತು ವರ್ಷ ಪ್ಲೇ ಹೋಮ್ ನಡೆಸಿದೆ. ಮೊದಲ ವರ್ಷ 34 ಮಕ್ಕಳು, ಕೊನೆಯ ವರ್ಷ 11. ನೋಡಿಕೊಳ್ಳುವುದರಲ್ಲಿ ಏನೂ ಕಮ್ಮಿ ಮಾಡಿರಲಿಲ್ಲ. ನಮ್ಮ ರಸ್ತೆಗೇ ವಯಸ್ಸಾಗಿತ್ತು. ಮೊದಲು ಸಂಜೆಯಾದರೆ ಸೈಕಲ್ ಕಲಿಯುವ ಮಕ್ಕಳ ಗಲಾಟೆ. ಈಗ ಅದೇ ಹೊತ್ತಿಗೆ ಕೋಲು ಹಿಡಿದು ವಾಕಿಂಗ್ ಹೋಗುವ ಹಿರಿಯರು. ಮಕ್ಕಳೆಲ್ಲ ಬೆಂಗಳೂರಲ್ಲೋ ಅಮೆರಿಕದಲ್ಲೋ ಇದ್ದಾರೆ. ಮೊಮ್ಮಕ್ಕಳು ದಸರಾ ರಜೆಗೆ ಬಂದು ಹೋಗುತ್ತಾರೆ.

ಊರು ಬೆಳೆದಿದೆ ಅನ್ನುವುದು ನಿಜ. ಮೈಸೂರು ಜಿಲ್ಲೆಯಲ್ಲಿ 2001ರಲ್ಲಿ 26.4 ಲಕ್ಷ ಜನ ಇದ್ದರು, 2011ಕ್ಕೆ 30 ಲಕ್ಷ ದಾಟಿತು. 2021ರ ಜನಗಣತಿ ಕೋವಿಡ್‌ನಿಂದ ಮುಂದಕ್ಕೆ ಹೋಯಿತು. ಆದರೆ ಜನ ಜಾಸ್ತಿಯಾದರೆ ಪುಟ್ಟ ಮಕ್ಕಳೂ ಜಾಸ್ತಿ ಅಂತ ಲೆಕ್ಕ ಹಾಕಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಬ್ಬ ಹೆಣ್ಣಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇಳಿಯದೆ ನಿಲ್ಲಬೇಕಾದರೆ 2.1 ಆದರೂ ಬೇಕು. ನನಗೆ ಇದು ಕಣ್ಣಿಗೇ ಕಂಡಿತ್ತು. ಮೊದಲೆಲ್ಲ ಅಕ್ಕ ಬಂದರೆ ಎರಡು ವರ್ಷಕ್ಕೆ ತಮ್ಮನೂ ಅದೇ ಬ್ಯಾಗ್ ಹಾಕಿಕೊಂಡು ಬರುತ್ತಿದ್ದ. ಕೊನೆಕೊನೆಗೆ ಒಂದು ಮನೆಗೆ ಒಂದೇ ಮಗು.

ನೀವು ಮೊದಲು ಆ ಬೀದಿಯ ಅಂಗನವಾಡಿ ಟೀಚರ್ ಹತ್ತಿರ ಮಾತಾಡಿ. ಮನೆ ಮನೆ ಸರ್ವೆ ಮಾಡುವವರು ಅವರು, ಆರು ವರ್ಷದೊಳಗಿನ ಮಕ್ಕಳ ಲೆಕ್ಕ ಅವರಿಗೆ ಗೊತ್ತಿರುತ್ತೆ. ಮತದಾರರ ಪಟ್ಟಿಯನ್ನೂ ನೋಡಿ. ಅದರಲ್ಲಿ ಹೆಸರಿನ ಜೊತೆ ವಯಸ್ಸು ಇರುತ್ತೆ. ಮೂವತ್ತರ ಆಸುಪಾಸಿನವರು ಎಷ್ಟು, ಅರವತ್ತು ದಾಟಿದವರು ಎಷ್ಟು ಅಂತ ಒಂದು ಬೂತಿನದನ್ನು ಎಣಿಸಿದರೆ ಸಾಕು.

ಮಂಡ್ಯದಿಂದ: ನಮ್ಮ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 17.6 ಲಕ್ಷ, 2011ರಲ್ಲಿ 18 ಲಕ್ಷ. ಹತ್ತು ವರ್ಷಕ್ಕೆ ಅಷ್ಟೇ ಏರಿದ್ದು. ಓದಿದ ಹುಡುಗರು ಹುಡುಗಿಯರು ಬೆಂಗಳೂರಿನ ಬಸ್ಸು ಹತ್ತುತ್ತಾರೆ, ಮದುವೆಯಾಗಿ ಅಲ್ಲೇ ಸಂಸಾರ ಹೂಡುತ್ತಾರೆ. ಹೇಳೋಕೆ ಸಂಕಟ ಆಗುತ್ತೆ, ಆದರೂ ಮಂಡ್ಯ ಬೇಕಾದರೆ ಆಮೇಲೆ ನೋಡಿ.

ಬೋಗಾದಿಯಿಂದ: ಮತದಾರರ ಪಟ್ಟಿ ಒಂದನ್ನೇ ನಂಬಬೇಡಿ. ಹೊಸ ಬಡಾವಣೆಗಳಲ್ಲಿ ಬಾಡಿಗೆಗೆ ಇರುವ ಎಷ್ಟೋ ಜನರ ವೋಟು ಇನ್ನೂ ಊರಲ್ಲೇ ಇರುತ್ತೆ. ನಮ್ಮದೂ ಹಾಗೇ ಇತ್ತು. ಸೈಟು ನೋಡಿಯೂ ಮೋಸ ಹೋಗಬೇಡಿ, ದುಡ್ಡು ಹಾಕೋಕೆ ಕೊಂಡು ಹಾಗೇ ಬಿಟ್ಟಿರುತ್ತಾರೆ. ಸಂಜೆ ಏಳಕ್ಕೆ ಒಂದು ಸುತ್ತು ಹಾಕಿ, ಎಷ್ಟು ಮನೆಯಲ್ಲಿ ದೀಪ ಇದೆ ನೋಡಿ. ಭಾನುವಾರ ಬೆಳಿಗ್ಗೆ ಮಹಡಿ ಮೇಲೆ ಒಣಹಾಕಿದ ಬಟ್ಟೆ ನೋಡಿ. ಗೇಣುದ್ದದ ಚಡ್ಡಿ, ಫ್ರಾಕು, ಮಗುವಿನ ತೊಟ್ಟಿಲ ಬಟ್ಟೆ ಇದ್ದರೆ ಅದೇ ನಿಮ್ಮ ಜಾಗ. ನಮ್ಮ ರಸ್ತೆಯಲ್ಲಿ ಕಳೆದ ವಾರ ಇಪ್ಪತ್ತೆರಡು ಮನೆಯಲ್ಲಿ ಒಂಬತ್ತು ಕಡೆ ಕಂಡೆ. ಈ ಭಾನುವಾರ ಬನ್ನಿ, ನಮ್ಮ ಮಹಡಿಯಿಂದಲೇ ಪಕ್ಕದ ಎರಡು ರಸ್ತೆನೂ ಎಣಿಸೋಣ.