ಬಟನ್ ಕಣ್ಣೆದುರಿಗಿದೆ, ಅಗಲ ಕೇಳಿದರೆ ಸೊನ್ನೆ ಎನ್ನುತ್ತದೆ

ಪ್ರಶ್ನೆ:
ಆಂಡ್ರಾಯ್ಡ್ ಆ್ಯಪ್‌ಗೆ ಹೊಸದಾಗಿ ಬಂದವರಿಗೆ ದಾರಿ ತೋರಿಸಲು ‘ಮುಂದುವರಿಯಿರಿ’ ಬಟನ್ನಿನ ಸುತ್ತ ಹಳದಿ ಚೌಕಟ್ಟು ಬರೆಯಬೇಕು. ಪರದೆ ಹುಟ್ಟುವಾಗ ನಡೆಯುವ ಆನ್‌ಕ್ರಿಯೇಟ್‌ನಲ್ಲಿ, ಪರದೆಯ ವಿನ್ಯಾಸ ಜೋಡಿಸುವ ಸೆಟ್‌ಕಂಟೆಂಟ್‌ವ್ಯೂ ಆದ ಮರುಸಾಲಿನಲ್ಲೇ ಗೆಟ್‌ವಿಡ್ತ್ (ಅಗಲ) ಕೇಳಿದೆ: 0. ಗೆಟ್‌ಹೈಟ್ (ಎತ್ತರ): ಅದೂ 0. ಚೌಕಟ್ಟು ಪರದೆಯ ಎಡಮೂಲೆಯಲ್ಲಿ ಸಾಸಿವೆ ಕಾಳಿನಂತೆ ಕುಳಿತಿದೆ. ಅಗಲವನ್ನು ನಾನೇ ನಿಗದಿ ಮಾಡೋಣವೆಂದರೆ, ಬಳಕೆದಾರರು ಅಕ್ಷರ ದೊಡ್ಡದು ಮಾಡಿಕೊಂಡ ಕೂಡಲೇ ಇಷ್ಟುದ್ದದ ಪದ ಹಿಡಿಸುವುದಿಲ್ಲ. ಸದ್ಯಕ್ಕೆ, ಕೆಲಸವನ್ನು ಮುಂದೂಡುವ ಹ್ಯಾಂಡ್ಲರ್ ಇಟ್ಟು 200 ಮಿಲಿಸೆಕೆಂಡ್ ತಡೆದು ಕೇಳುತ್ತಿದ್ದೇನೆ. ನನ್ನ ಫೋನಿನಲ್ಲಿ ಸರಿಹೋಗುತ್ತದೆ, ಹಳೆಯ ಫೋನಿನಲ್ಲಿ ಮತ್ತೆ ಸಾಸಿವೆ ಕಾಳು.

ಉತ್ತರ 1:
ಆಗಿನ್ನೂ ಬಟನ್ ಹುಟ್ಟಿದೆ ಅಷ್ಟೇ, ಜಾಗ ಸಿಕ್ಕಿಲ್ಲ. ಮೆಷರ್ ಸುತ್ತಿನಲ್ಲಿ ಪ್ರತಿ ವ್ಯೂ (ಬಟನ್ನಿನಂತಹ ಪರದೆಯ ಒಂದೊಂದು ಭಾಗ) ತನಗೆಷ್ಟು ಬೇಕೆಂದು ಹೇಳುತ್ತದೆ; ಲೇಔಟ್ ಸುತ್ತಿನಲ್ಲಿ ತನ್ನನ್ನು ಒಳಗೊಂಡ ಪೇರೆಂಟ್ ವ್ಯೂ ಕೊಟ್ಟಷ್ಟನ್ನು ಪಡೆಯುತ್ತದೆ. ಮೊದಲ ಸಲ ಇವೆರಡೂ ನಡೆಯುವುದು, ಪರದೆ ಬಳಕೆಗೆ ಬರುವಾಗಿನ ಆನ್‌ರೆಸ್ಯೂಮ್ ದಾಟಿದ ಮೇಲೆ. ಗಡಿಯಾರ ನೋಡಿ ಊಹಿಸಬೇಡಿ, ಬಟನ್ನಿನ ಪೋಸ್ಟ್ ಒಳಗೆ ಕೇಳಿ; ಅದರಲ್ಲಿಟ್ಟ ಕೆಲಸ ಲೇಔಟ್ ಆದ ಮೇಲೆ ನಡೆಯುತ್ತದೆ.

ಉತ್ತರ 2:
ಪೋಸ್ಟ್‌ಗಿಂತ ಆಂಡ್ರಾಯ್ಡ್‌ಎಕ್ಸ್ ಲೈಬ್ರರಿಗಳ ಡೂ‌ಆನ್‌ಲೇಔಟ್ ನನಗಿಷ್ಟ. ಲೇಔಟ್ ಆಗಿದ್ದರೆ ತಕ್ಷಣ ನಡೆಯುತ್ತದೆ, ಇಲ್ಲದಿದ್ದರೆ ಕಾಯುತ್ತದೆ. ಪ್ರತಿ ಲೇಔಟ್ ಬಳಿಕ ಸುದ್ದಿ ಕೊಡುವ ಗ್ಲೋಬಲ್‌ಲೇಔಟ್‌ಲಿಸನರ್ ಬಳಸಿದರೆ ಕೆಲಸ ಮುಗಿದೊಡನೆ ತೆಗೆದುಹಾಕಿ. ನಾನೊಮ್ಮೆ ಅದರೊಳಗೇ ಗಾತ್ರ ಬದಲಿಸಿ, ಅದು ಮತ್ತೆ ಲೇಔಟ್ ಕರೆದು, ಆ ಲೇಔಟ್ ಮತ್ತೆ ಲಿಸನರ್ ಕರೆದು, ಫೋನ್ ಬಿಸಿಯಾಗುವವರೆಗೂ ಕಾರಣ ಹೊಳೆದಿರಲಿಲ್ಲ.

ಪ್ರಶ್ನೆ ಕೇಳಿದವರು:
ಸೊನ್ನೆ ಹೋಯಿತು, 360 ಬಂತು. ಆದರೆ ಚೌಕಟ್ಟು ಎಡಬಲ ಎರಡೂ ಕಡೆ 18 ಪಿಕ್ಸೆಲ್ ಹೊರಗೆ ನಿಂತಿದೆ. ಸ್ಕ್ರೀನ್‌ಶಾಟ್ ತೆಗೆದು ಅಳೆದರೆ ಬಟನ್ ಇರುವುದು 324 ಪಿಕ್ಸೆಲ್. ಈಗ ಯಾರನ್ನು ನಂಬಲಿ?

ಉತ್ತರ 2:
ಇಬ್ಬರನ್ನೂ. 324 ಎಂದರೆ 360ರ 0.9 ಪಾಲು, ಎಲ್ಲೋ ಸ್ಕೇಲ್ (ಹಿಗ್ಗಿಸುವ-ಕುಗ್ಗಿಸುವ ಪ್ರಮಾಣ) ಕೊಟ್ಟಿದ್ದೀರಿ. ಸ್ಕೇಲ್ ಅನ್ವಯವಾಗುವುದು ಚಿತ್ರಿಸುವಾಗ, ಲೇಔಟ್‌ಗೆ ಅದರ ಸುಳಿವೇ ಇರುವುದಿಲ್ಲ. ಕಾಣುವ ಭಾಗದ ಚೌಕ ಹೇಳುವ ಗೆಟ್‌ಗ್ಲೋಬಲ್‌ವಿಸಿಬಲ್‌ರೆಕ್ಟ್ ಕೇಳಿ, ಅದು ಸ್ಕೇಲನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಬಟನ್ ಅರ್ಧ ಸ್ಕ್ರೋಲ್ ಆಗಿ ಮರೆಯಾಗಿದ್ದರೆ ಕಾಣುವ ಅರ್ಧವನ್ನಷ್ಟೇ ಹೇಳುತ್ತದೆ; ಮೇಲೆ ಬೇರೊಂದು ವ್ಯೂ ಕವಿದು ಕುಳಿತಿದ್ದರೆ ಮಾತ್ರ ಅದಕ್ಕೆ ತಿಳಿಯದು. ಸಿಗುವ ಅಂಕಿಗಳು ವಿಂಡೋದ ಮೂಲೆಯಿಂದ ಎಣಿಸಿದವು. ಚೌಕಟ್ಟು ಬರೆಯುವ ವ್ಯೂ ಟೂಲ್‌ಬಾರಿನ ಕೆಳಗಿದ್ದರೆ, ಆ ವ್ಯೂ ವಿಂಡೋದಲ್ಲಿ ಎಲ್ಲಿದೆಯೆಂದು ಹೇಳುವ ಗೆಟ್‌ಲೊಕೇಶನ್‌ಇನ್‌ವಿಂಡೋ ಅಂಕಿಗಳನ್ನು ಕಳೆಯಿರಿ.

ಪ್ರಶ್ನೆ ಕೇಳಿದವರು:
ತಪ್ಪು ನನ್ನದೇ. ಷರತ್ತು ಒಪ್ಪಿ ಟಿಕ್ ಮಾಡುವವರೆಗೆ ಬಟನ್ ಕುಗ್ಗಿರಲಿ ಎಂದು ತಿಂಗಳ ಹಿಂದೆ 0.9 ಕೊಟ್ಟು ಮರೆತಿದ್ದೆ. ಈಗ ಚೌಕಟ್ಟು ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಟಿಕ್ ಮಾಡಿದಾಗ ಬಟನ್ ಹಿಗ್ಗಿ ಚೌಕಟ್ಟಿನಿಂದ ಹೊರಬರುತ್ತಿತ್ತು. ಅನಿಮೇಶನ್ ಮುಗಿದ ಮೇಲೆ ಇನ್ನೊಮ್ಮೆ ಅಳೆದು ಬರೆಯುತ್ತಿದ್ದೇನೆ. 200 ಮಿಲಿಸೆಕೆಂಡಿನ ಸಾಲನ್ನು ಅಳಿಸಿದೆ.